ಕಚ್ಚು ತಾಳಿದ ತೆಂಗು ಸುಳಿ ಕೊಳೆತು ಸತ್ತಿತೇಕೆ, ತೊಗಟೆ ಕಳೆದುಕೊಂಡ ಮಾವು ಒಣಗಿತೇಕೆ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನಲ್ಲಿ ತೋಟ. ಹಿತ್ತಿಲಿನ ಮಾವಿನ ಮರಕ್ಕೆ ಹಸು ಕಟ್ಟುತ್ತಿದ್ದ ಸರಪಳಿ ಉಜ್ಜಿ ಉಜ್ಜಿ ಮೊಳಕಾಲೆತ್ತರದಲ್ಲಿ ತೊಗಟೆ ಸುತ್ತಲೂ ಕಿತ್ತುಹೋಯಿತು. ಆಮೇಲೂ ಎಲೆ ಹಸಿರಾಗಿಯೇ ಇತ್ತು, ಮರುವರ್ಷ ಎಂದೂ ಕಾಣದಷ್ಟು ಹೂ ಬಿಟ್ಟಿತು, ಅದಾದ ಮೇಲೆ ಒಣಗಿತು. ಅದರ ಪಕ್ಕದ ತೆಂಗಿನ ಮರಕ್ಕೆ ಅಜ್ಜನ ಕಾಲದಲ್ಲೇ ಹತ್ತುವುದಕ್ಕೆಂದು ಬುಡದಿಂದ ತುದಿಯವರೆಗೆ ಕಚ್ಚು ಕಡಿದಿದ್ದರೂ ಅದು ಐವತ್ತು ವರ್ಷ ಕಾಯಿ ಕೊಟ್ಟಿತು. ಆದರೆ ಹೋದ ಮಳೆಗಾಲದಲ್ಲಿ ಸುಳಿ ಕೊಳೆತು ಸತ್ತಿತು. ಮಾವಿನ ತಲೆ ಕಡಿದರೆ ಚಿಗುರುತ್ತದೆ, ತೆಂಗು ಏಕೆ ಚಿಗುರುವುದಿಲ್ಲ? ಒಂದು ಮರ ತಾಳುವ ಗಾಯವನ್ನು ಇನ್ನೊಂದು ಏಕೆ ತಾಳುವುದಿಲ್ಲ?

ಉತ್ತರ: ಎರಡೂ ಮರಗಳು ಬೆಳೆಯುವುದಕ್ಕೆ, ನೀರು ಮತ್ತು ಆಹಾರವನ್ನು ಸಾಗಿಸುವುದಕ್ಕೆ ಒಂದೇ ಬಗೆಯ ಅಂಗಾಂಶಗಳನ್ನು ನೆಚ್ಚಿಕೊಂಡಿವೆ. ಆ ಅಂಗಾಂಶಗಳನ್ನು ಮೈಯಲ್ಲಿ ಎಲ್ಲಿಟ್ಟುಕೊಂಡಿವೆ ಎಂಬುದು ಮಾತ್ರ ಬೇರೆ. ಮಾವು ತನ್ನ ಜೀವವನ್ನು ತೊಗಟೆಯ ಅಡಿಯಲ್ಲಿ ತೆಳ್ಳಗೆ ಹರಡಿಕೊಂಡಿದೆ. ತೆಂಗು ಬೆಳೆಯುವ ಶಕ್ತಿಯನ್ನೆಲ್ಲ ಸುಳಿಯೊಳಗೆ ಒಂದೇ ಕಡೆ ಬಚ್ಚಿಟ್ಟು, ಸಾಗಾಟದ ನಾಳಗಳನ್ನು ಕಾಂಡದ ಉದ್ದಗಲಕ್ಕೂ ಚೆಲ್ಲಿಕೊಂಡಿದೆ. ನೀವು ಕಂಡ ನಾಲ್ಕೂ ಸಂಗತಿಗಳಿಗೆ, ಅಂದರೆ ಹಸಿರಾಗಿ ಉಳಿದ ಎಲೆ, ಮಿತಿಮೀರಿದ ಹೂ, ಕಚ್ಚಿಗೆ ಜಗ್ಗದ ತೆಂಗು ಮತ್ತು ಸುಳಿಯ ಸಾವಿಗೆ, ಕಾರಣ ಈ ವ್ಯತ್ಯಾಸದಲ್ಲಿಯೇ ಇದೆ.

ಮೊದಲು ಬೆಳವಣಿಗೆಯ ಮಾತು. ಮಗು ಬೆಳೆಯುವಾಗ ಅದರ ಕೈ, ಕಾಲು, ಬೆನ್ನು ಎಲ್ಲವೂ ಒಟ್ಟಿಗೆ ಬೆಳೆಯುತ್ತವೆ. ಗಿಡ ಹಾಗಲ್ಲ, ಅದು ಕೆಲವು ನಿಗದಿತ ಜಾಗಗಳಲ್ಲಿ ಮಾತ್ರ ಬೆಳೆಯುತ್ತದೆ. ಎದೆಯೆತ್ತರದಲ್ಲಿ ಮಾವಿನ ಮರಕ್ಕೆ ಹೊಡೆದ ಮೊಳೆ ಮರ ಎಷ್ಟೇ ಎತ್ತರವಾದರೂ ಎದೆಯೆತ್ತರದಲ್ಲೇ ಉಳಿಯುತ್ತದೆ, ಬದಲಿಗೆ ಮರ ದಪ್ಪವಾಗುತ್ತಾ ಮೊಳೆಯನ್ನು ನುಂಗುತ್ತದೆ. ಎತ್ತರ ಹೆಚ್ಚುವುದು ಚಿಗುರಿನ ತುದಿಯಲ್ಲಿ, ಉದ್ದ ಹೆಚ್ಚುವುದು ಬೇರಿನ ತುದಿಯಲ್ಲಿ. ಆ ತುದಿಗಳಲ್ಲಿ ಇರುವ ಕೋಶಗಳು ಚಿಕ್ಕವು, ತೆಳುಗೋಡೆಯವು, ದಟ್ಟವಾದ ಕೋಶರಸದಿಂದ ತುಂಬಿದವು. ಇನ್ನೂ ಯಾವ ಕೆಲಸಕ್ಕೂ ನಿಶ್ಚಿತವಾಗದೆ, ಒಂದು ಎರಡಾಗುತ್ತಾ ಹೋಗುವುದೊಂದೇ ಅವುಗಳ ಕಸುಬು. ನಮ್ಮ ಪಠ್ಯಪುಸ್ತಕಗಳು ಇವನ್ನು ವರ್ಧನ ಅಂಗಾಂಶ ಎನ್ನುತ್ತವೆ. ಹೀಗೆ ಹುಟ್ಟಿದ ಕೋಶಗಳಲ್ಲಿ ಬಹುಪಾಲು ಹಿಂದೆ ಉಳಿದು, ಉದ್ದವಾಗಿ, ಗೋಡೆ ಗಟ್ಟಿಮಾಡಿಕೊಂಡು, ನೀರು ಸಾಗಿಸುವ, ಸಕ್ಕರೆ ಸಾಗಿಸುವ ಅಥವಾ ಮೈಗೆ ಬಲ ಕೊಡುವ ಶಾಶ್ವತ ಅಂಗಾಂಶಗಳಾಗುತ್ತವೆ.

ಮಾವು, ಹಲಸು, ಬೇವು, ಹುಣಸೆಯಂಥ ದ್ವಿದಳ ಮರಗಳಲ್ಲಿ ತುದಿಯ ಜೊತೆಗೆ ಇನ್ನೊಂದು ವರ್ಧನ ಅಂಗಾಂಶವಿದೆ, ಅದೇ ಕ್ಯಾಂಬಿಯಂ. ಮಳೆ ಬಿದ್ದು ಮರ ಚಿಗುರುವ ಕಾಲದಲ್ಲಿ ಬೆರಳು ಗಾತ್ರದ ಮಾವಿನ ಕೊಂಬೆಯ ತೊಗಟೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ. ತೊಗಟೆ ಸರಾಗವಾಗಿ ಸುಲಿದು ಬರುತ್ತದೆ. ಒಳಗಿನ ಬಿಳಿ ಕಟ್ಟಿಗೆಯ ಮೇಲೆ ಬೆರಳಾಡಿಸಿದರೆ ಒದ್ದೆಯಾಗಿ, ಲೋಳೆಯಂತೆ ಜಾರುತ್ತದೆ. ಅಲ್ಲಿ ಹರಿದುಹೋದದ್ದು ಕ್ಯಾಂಬಿಯಂ ಮತ್ತು ಅದರಿಂದ ಆಗತಾನೆ ಹುಟ್ಟಿದ ಎಳೆಯ ಕೋಶಗಳು. ಕಾಗದದ ಹಾಳೆಗಿಂತ ದಪ್ಪವಿರದ ಆ ಪದರ ಬುಡದಿಂದ ಕಿರುಗೊಂಬೆಯವರೆಗೆ ಇಡೀ ಮರಕ್ಕೆ ಹೊದಿಸಿದ ಒಳಅಂಗಿಯಂತಿದೆ. ಅದು ಒಳಮುಖವಾಗಿ ಹೆರುವ ಕೋಶಗಳು ಕ್ಸೈಲಂ, ಅಂದರೆ ಕಟ್ಟಿಗೆ, ಆಗುತ್ತವೆ. ಹೊರಮುಖವಾಗಿ ಹೆರುವ ಕೋಶಗಳು ಫ್ಲೋಯಂ, ಅಂದರೆ ಒಳತೊಗಟೆ, ಆಗುತ್ತವೆ. ಕ್ಸೈಲಂ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ; ಹಳೆಯ ಫ್ಲೋಯಂ ನಜ್ಜುಗುಜ್ಜಾಗಿ ಒಣ ತೊಗಟೆಯೊಡನೆ ಉದುರುತ್ತದೆ. ಅದಕ್ಕೇ ಮರದಲ್ಲಿ ಕಟ್ಟಿಗೆ ಅಷ್ಟೊಂದು, ತೊಗಟೆ ಇಷ್ಟೇ.

ಇನ್ನು ನಿಮ್ಮ ಮಾವಿಗೆ ಬರೋಣ. ಸರಪಳಿ ತೆಗೆದುಹಾಕಿದ್ದು ಫ್ಲೋಯಂ ಮತ್ತು ಕ್ಯಾಂಬಿಯಂಗಳನ್ನು. ಒಳಗಿನ ಕ್ಸೈಲಂ ಹಾಗೆಯೇ ಉಳಿಯಿತು. ಬೇರಿನಿಂದ ನೀರು ಹತ್ತುವುದು ಕ್ಸೈಲಂ ಮೂಲಕವಾದ್ದರಿಂದ ಎಲೆಗಳಿಗೆ ಏನೂ ಕೊರತೆಯಾಗಲಿಲ್ಲ, ಅವು ಹಸಿರಾಗಿಯೇ ಇದ್ದು ಸಕ್ಕರೆ ತಯಾರಿಸುತ್ತಿದ್ದವು. ಆ ಸಕ್ಕರೆ ಬೇರಿಗೆ ಇಳಿಯಬೇಕಾದ ದಾರಿ ಮಾತ್ರ ಮೊಳಕಾಲೆತ್ತರದಲ್ಲಿ ತುಂಡಾಗಿತ್ತು. ಇಳಿಯಲಾರದ ಸಕ್ಕರೆ ಗಾಯದ ಮೇಲ್ಭಾಗದಲ್ಲೇ ಕೂಡಿಕೊಂಡದ್ದರಿಂದ ಮರ ಹಾಗೆ ಮೈತುಂಬ ಹೂ ಬಿಟ್ಟಿತು. ಹೂ ಬರಿಸಲೆಂದು ಮಾವಿನ ಕೊಂಬೆಗೆ ಬೇಕೆಂದೇ ಸಣ್ಣ ಉಂಗುರ ಕೆತ್ತುವ ರೂಢಿಯೂ ಇದೆ. ಇತ್ತ ಬೇರುಗಳು ತಮ್ಮಲ್ಲಿದ್ದ ಗಂಟನ್ನು ಕರಗಿಸಿ ಒಂದೆರಡು ವರ್ಷ ದೂಡಿ, ಅದು ಮುಗಿದ ಮೇಲೆ ಹಸಿವಿನಿಂದ ಸತ್ತವು. ಬೇರು ಸತ್ತ ಮೇಲೆ ನೀರು ನಿಂತಿತು, ಎಲೆ ಬಾಡಿತು. ಆ ಹೂ ಮರದ ಸೊಗಸಲ್ಲ, ಬೇರಿನ ಉಪವಾಸದ ಗುರುತಾಗಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಆ ಹೊತ್ತಿಗೂ ಮರವನ್ನು ಉಳಿಸುವ ಸಾಧ್ಯತೆ ಪೂರ್ತಿ ಮುಗಿದಿರಲಿಲ್ಲ.

ಇದೇ ಪ್ರಯೋಗವನ್ನು ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ 1670ರ ದಶಕದಲ್ಲಿ ಬೇಕೆಂದೇ ಮಾಡಿ, ಉಂಗುರದ ಮೇಲಿನ ಅಂಚು ಊದಿಕೊಳ್ಳುವುದನ್ನು ದಾಖಲಿಸಿದ್ದ. ಎಲೆಯಲ್ಲಿ ತಯಾರಾದದ್ದು ತೊಗಟೆಯ ಮೂಲಕ ಇಳಿಯುತ್ತದೆ ಎಂಬ ತಿಳಿವಳಿಕೆಯ ಆರಂಭ ಅಲ್ಲಿದೆ. ನಮ್ಮ ತೋಟಗಳಲ್ಲಿ ಸೀಬೆ, ದಾಳಿಂಬೆಗಳಿಗೆ ಗೂಟಿ ಕಟ್ಟುವವರು ಮಾಡುವುದೂ ಇದನ್ನೇ. ಅವರು ಕೊಂಬೆಯ ಸುತ್ತ ಒಂದು ಅಂಗುಲದಷ್ಟು ತೊಗಟೆ ತೆಗೆದು ಒದ್ದೆ ಪಾಚಿ ಸುತ್ತಿ ಕಟ್ಟಿದರೆ, ಇಳಿಯಲಾರದೆ ನಿಂತ ಆಹಾರದ ಬಲದಿಂದ ಉಂಗುರದ ಮೇಲಂಚಿನಲ್ಲಿ ಬೇರು ಒಡೆಯುತ್ತದೆ, ಕೆಳಂಚಿನಲ್ಲಿ ಒಡೆಯುವುದಿಲ್ಲ.

ಮಾವಿನಂಥ ಮರ ತೊಗಟೆ ಕಳೆದುಕೊಂಡರೆ ಸಾಯುತ್ತದೆ, ನಡುಭಾಗ ಕಳೆದುಕೊಂಡರೆ ಸಾಯುವುದಿಲ್ಲ. ಹಳೆಯ ಕ್ಸೈಲಂ ನೀರು ಸಾಗಿಸುವುದನ್ನು ನಿಲ್ಲಿಸಿ, ಬಣ್ಣಗಟ್ಟಿ, ಕೆಚ್ಚು ಆಗುತ್ತದೆ. ಎದೆಗಾರಿಕೆಗೆ ಕೆಚ್ಚೆದೆ ಎಂದ ನಮ್ಮ ಹಿರಿಯರು ಬಡಗಿಯ ಉಳಿಗೆ ಸುಲಭವಾಗಿ ಮಣಿಯದ ಆ ಭಾಗವನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು. ಕೆಚ್ಚು ಮರಕ್ಕೆ ಕಂಬದಂತೆ ಬಲ ಕೊಡುತ್ತದೆಯೇ ಹೊರತು ಅದರಲ್ಲಿ ಜೀವವಿಲ್ಲ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಅಲ್ಲಿನ ಮುದಿಮರಗಳ ನಡುವೆ ನಿಂತು ನೋಡಿದರೆ ಸೀಳಿದ, ಟೊಳ್ಳಾದ ಕಾಂಡಗಳ ಮೇಲೂ ಎಳೆಯ ಹುಣಸೆ ಚಿಗುರು ಕಾಣುತ್ತದೆ. ಹೊರಗಿನ ಹೊಸ ಕ್ಸೈಲಂ, ಕ್ಯಾಂಬಿಯಂ ಮತ್ತು ತೊಗಟೆ ಉಳಿದಿರುವ ತನಕ ಮರಕ್ಕೆ ಅಷ್ಟೇ ಸಾಕು.

ಕ್ಸೈಲಂ ಒಳಗೆ ನೀರು ಏರುವ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ತೋಟಗಾರರಿಗೆಲ್ಲ ಬರಬೇಕಾದ ಅನುಮಾನ. ಬಾವಿಯ ದಂಡೆಯ ಮೇಲಿಟ್ಟ ಪಂಪು ಏಳೆಂಟು ಮೀಟರಿಗಿಂತ ಆಳದ ನೀರನ್ನು ಎಳೆಯಲಾರದು ಎಂಬುದು ನಿಮಗೆ ಗೊತ್ತು. ಲೆಕ್ಕದ ಪ್ರಕಾರವೂ ಹೀರಿ ಎಳೆಯುವುದರ ಮಿತಿ ಸುಮಾರು 10 ಮೀಟರ್. ಹಾಗಿದ್ದರೆ 25 ಮೀಟರ್ ಎತ್ತರದ ತೆಂಗಿನ ಸುಳಿಗೆ, ಯಾವ ಯಂತ್ರವೂ ಇಲ್ಲದೆ, ನೀರು ಹೇಗೆ ಏರುತ್ತದೆ? ಬೇರು ಕೆಳಗಿನಿಂದ ತಳ್ಳುವ ಒತ್ತಡ ಅಷ್ಟು ಎತ್ತರಕ್ಕೆ ಸಾಲದು. ಜಗದೀಶಚಂದ್ರ ಬೋಸರು ಕಾಂಡದೊಳಗಿನ ಜೀವಂತ ಕೋಶಗಳು ಮಿಡಿಯುತ್ತಾ ನೀರನ್ನು ಮೇಲೇರಿಸುತ್ತವೆ ಎಂದು 1923ರಲ್ಲಿ ವಾದಿಸಿದರು. ಸಸ್ಯಗಳ ಸ್ಪಂದನವನ್ನು ಅಳೆಯುವುದರಲ್ಲಿ ಅವರ ಸಾಧನೆ ದೊಡ್ಡದು, ಆದರೆ ಈ ವಾದವನ್ನು ವಿಜ್ಞಾನ ಒಪ್ಪಿಕೊಳ್ಳಲಿಲ್ಲ. ಅದಕ್ಕೂ ಮೊದಲೇ ಜರ್ಮನಿಯ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಕಾಂಡದ ಜೀವಂತ ಕೋಶಗಳನ್ನು ವಿಷದ ದ್ರಾವಣದಿಂದ ಕೊಂದ ಮೇಲೂ ನೀರು ಏರುತ್ತಲೇ ಇರುವುದನ್ನು ತೋರಿಸಿದ್ದ.

ಉತ್ತರ ಸಿಕ್ಕಿದ್ದು 1894ರಲ್ಲಿ, ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜಾಲಿ ಅವರಿಂದ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಗಾಳಿಯ ಗುಳ್ಳೆ ಇಲ್ಲದ ಕಿರಿದಾದ ನಾಳದಲ್ಲಿ ನೀರಿನ ಕಂಬ ಹಗ್ಗದಂತೆ ಇರುತ್ತದೆ, ಮೇಲಿನಿಂದ ಜಗ್ಗಿದರೆ ಕೆಳಗಿನ ತುದಿಯೂ ಏರುತ್ತದೆ. ಜಗ್ಗುವುದು ಬಿಸಿಲು. ಪತ್ರರಂಧ್ರಗಳಿಂದ ನೀರು ಆವಿಯಾದಂತೆ ಎಲೆಯೊಳಗಿನ ಕೋಶಗೋಡೆಗಳ ಸೂಕ್ಷ್ಮ ಸಂದುಗಳಲ್ಲಿ ನೀರಿನ ಮೇಲ್ಮೈ ಒಳಬಾಗಿ, ಹಿಂದಿರುವ ನೀರನ್ನು ಎಳೆಯುತ್ತದೆ. ಆ ಎಳೆತ ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಬೇರಿಗೆ, ಬೇರಿನಿಂದ ಮಣ್ಣಿಗೆ ತಲುಪುತ್ತದೆ. ಬೇಸಿಗೆಯ ಒಂದು ದಿನದಲ್ಲಿ ಹತ್ತಾರು ಲೀಟರ್ ನೀರು ತೆಂಗಿನ ಮರದೊಳಗೆ ಹೀಗೆ ಮೇಲೇರುತ್ತದೆ, ಮರ ಅದಕ್ಕಾಗಿ ತನ್ನ ಸಕ್ಕರೆಯನ್ನು ವೆಚ್ಚ ಮಾಡಬೇಕಾಗಿಲ್ಲ.

ಈ ಎಳೆತ ತಡೆದುಕೊಳ್ಳುವುದಕ್ಕೆ ಕ್ಸೈಲಂ ಕೋಶಗಳು ತಮ್ಮ ಜೀವವನ್ನೇ ಬಿಟ್ಟುಕೊಡುತ್ತವೆ. ಹುಟ್ಟಿದ ಕೋಶ ಉದ್ದವಾಗಿ, ಗೋಡೆಗೆ ಲಿಗ್ನಿನ್ ಎಂಬ, ಕಟ್ಟಿಗೆಗೆ ಗಡಸುತನ ಕೊಡುವ ವಸ್ತುವನ್ನು ತುಂಬಿ ಬಳೆಗಳಂತೆ, ಸುರುಳಿಗಳಂತೆ ಗಟ್ಟಿಮಾಡಿಕೊಂಡು, ಕೊನೆಗೆ ಒಳಗಿನದನ್ನೆಲ್ಲ ಕರಗಿಸಿ ಸಾಯುತ್ತದೆ. ತುದಿಗೋಡೆಗಳೂ ಕರಗಿ ಒಂದರ ಮೇಲೊಂದು ಕೂತ ಕೋಶಗಳು ಒಂದೇ ಕೊಳವೆಯಾಗುತ್ತವೆ. ಎಳೆನೀರನ್ನು ಮೆತ್ತನೆಯ ಕಾಗದದ ಕೊಳವೆಯಿಂದ ಜೋರಾಗಿ ಹೀರಿದರೆ ಕೊಳವೆ ಅಪ್ಪಚ್ಚಿಯಾಗುವುದನ್ನು ನೋಡಿದ್ದೀರಿ. ಲಿಗ್ನಿನ್ ಇಲ್ಲದಿದ್ದರೆ ಮರದ ನಾಳಗಳ ಗತಿಯೂ ಅದೇ ಆಗುತ್ತಿತ್ತು. ತೆಂಗಿಗೆ ಬೇರಿನ ಮೂಲಕ ಔಷಧ ಉಣಿಸುವವರು ಈ ಎಳೆತವನ್ನು ಕಣ್ಣಾರೆ ಕಂಡಿರುತ್ತಾರೆ. ಪೆನ್ಸಿಲ್ ದಪ್ಪದ ಜೀವಂತ ಬೇರನ್ನು ಓರೆಯಾಗಿ ಕತ್ತರಿಸಿ, ದ್ರಾವಣವಿರುವ ಪ್ಲಾಸ್ಟಿಕ್ ಚೀಲದೊಳಗೆ ತುದಿ ಮುಳುಗುವಂತೆ ಕಟ್ಟಿ ಬಂದರೆ, ಮರುದಿನ ಹೋಗುವಷ್ಟರಲ್ಲಿ ಚೀಲ ಬರಿದಾಗಿರುತ್ತದೆ.

ಫ್ಲೋಯಂ ಇದಕ್ಕೆ ತೀರ ವಿರುದ್ಧ ಸ್ವಭಾವದ್ದು, ಅದು ಬದುಕಿದ್ದರೆ ಮಾತ್ರ ಸಾಗಿಸಬಲ್ಲದು. ಅದರ ಜರಡಿ ನಾಳದ ಕೋಶಗಳು ಬಲಿತಾಗ ತಮ್ಮ ಕೋಶಕೇಂದ್ರವನ್ನು ಕಳೆದುಕೊಳ್ಳುತ್ತವೆ, ಆದರೆ ಸಾಯುವುದಿಲ್ಲ. ಪಕ್ಕದಲ್ಲೇ ಅಂಟಿಕೊಂಡಿರುವ ಸಂಗಾತಿ ಕೋಶಗಳು ಅವುಗಳ ಪಾಲಿನ ಸಂಸಾರವನ್ನೂ ನಡೆಸುತ್ತವೆ. ಎಲೆಯ ಕಡೆ ಸಂಗಾತಿ ಕೋಶಗಳು ಸಕ್ಕರೆಯನ್ನು ಜರಡಿ ನಾಳಕ್ಕೆ ತುಂಬುತ್ತವೆ, ಸಕ್ಕರೆ ಇದ್ದಲ್ಲಿಗೆ ಪಕ್ಕದ ಕ್ಸೈಲಂನಿಂದ ನೀರು ನುಗ್ಗುತ್ತದೆ, ಒತ್ತಡ ಏರುತ್ತದೆ. ಬೇರು, ಕಾಯಿ, ಎಳೆಚಿಗುರುಗಳ ಕಡೆ ಸಕ್ಕರೆ ಇಳಿದು ಒತ್ತಡ ತಗ್ಗುತ್ತದೆ. ಈ ಒತ್ತಡದ ವ್ಯತ್ಯಾಸವೇ ರಸವನ್ನು ಹರಿಸುತ್ತದೆ ಎಂದು ಜರ್ಮನಿಯ ಅರ್ನ್‌ಸ್ಟ್ ಮ್ಯೂಂಕ್ 1930ರಲ್ಲಿ ಮಂಡಿಸಿದ ವಿವರಣೆ ಇಂದಿಗೂ ನಿಂತಿದೆ.

ನೀರಾ ಕುಡಿದವರೆಲ್ಲ ಫ್ಲೋಯಂ ರಸವನ್ನೇ ಕುಡಿದಿದ್ದಾರೆ. ತೆಂಗಿನ ಹೊಂಬಾಳೆ ಇನ್ನೂ ಬಿರಿಯುವ ಮುನ್ನ ಅದನ್ನು ಬಿಗಿಯಾಗಿ ಕಟ್ಟಿ, ದಿನವೂ ಮೆಲ್ಲಗೆ ತಟ್ಟಿ, ತುದಿಯನ್ನು ಹರಿತವಾದ ಕತ್ತಿಯಿಂದ ಕಾಗದದಷ್ಟು ತೆಳುವಾಗಿ ಸವರುತ್ತಾರೆ. ಹಾಗೆ ದಿನವೂ ಸವರುವುದಕ್ಕೆ ಕಾರಣವಿದೆ. ಗಾಯವಾದೊಡನೆ ಜರಡಿ ನಾಳದ ರಂಧ್ರಗಳನ್ನು ಮರ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ತುದಿಯನ್ನು ತೆಗೆದರೆ ಮಾತ್ರ ರಸ ಮತ್ತೆ ತೊಟ್ಟಿಕ್ಕುತ್ತದೆ. ಕಾಯಿ ತುಂಬಲೆಂದು ಹೊರಟಿದ್ದ, ನೂರಕ್ಕೆ ಹತ್ತು ಹದಿನೈದು ಪಾಲು ಸಕ್ಕರೆಯಿರುವ ಆ ರಸವನ್ನು ಮಡಕೆಗೆ ಇಳಿಸುವವನ ಕೈಗೆ ಫ್ಲೋಯಂ ಎಂಬ ಹೆಸರು ಗೊತ್ತಿಲ್ಲದಿದ್ದರೂ ಅದರ ನಡತೆ ಪೂರ್ತಿ ಗೊತ್ತು.

ಈಗ ತೆಂಗಿನ ಕಚ್ಚುಗಳ ಗುಟ್ಟು. ಕಡಿದ ತೆಂಗಿನ ಕಾಂಡದ ಅಡ್ಡಸೀಳನ್ನು ನೋಡಿದರೆ ತೊಗಟೆ, ಬಿಳಿ ಕಟ್ಟಿಗೆ, ಕೆಚ್ಚು ಎಂಬ ಉಂಗುರಗಳು ಕಾಣುವುದಿಲ್ಲ. ರಾಗಿಕಾಳು ಚೆಲ್ಲಿದಂತೆ ಸಾವಿರಾರು ಕಂದು ಚುಕ್ಕೆಗಳು ಇರುತ್ತವೆ, ಹೊರಅಂಚಿನಲ್ಲಿ ಒತ್ತೊತ್ತಾಗಿ, ನಡುವೆ ವಿರಳವಾಗಿ. ಒಂದೊಂದು ಚುಕ್ಕೆಯೂ ಒಂದು ನಾಳಕೂರ್ಚ. ಅದರಲ್ಲಿ ಅದರದೇ ಕ್ಸೈಲಂ, ಅದರದೇ ಫ್ಲೋಯಂ, ಸುತ್ತ ನಾರಿನ ಕವಚ. ಕಚ್ಚು ಕಡಿದಾಗ ಹೊರಗಿನ ಕೆಲವು ಕೂರ್ಚಗಳು ತುಂಡಾದವು. ಒಳಗಿನ ಸಾವಿರಾರು ಕೂರ್ಚಗಳು ನೀರನ್ನು ಮೇಲಕ್ಕೂ ಸಕ್ಕರೆಯನ್ನು ಕೆಳಕ್ಕೂ ಒಯ್ಯುತ್ತಲೇ ಇದ್ದವು. ಮಾವಿನ ಊರಿಗೆ ಸಕ್ಕರೆ ಹೊರಗೆ ಹೋಗಲು ಒಂದೇ ಹೆದ್ದಾರಿ. ತೆಂಗಿನ ಊರಿಗೆ ಸಾವಿರ ಓಣಿ.

ಆದರೆ ಏಕದಳ ಸಸ್ಯವಾದ ತೆಂಗಿನಲ್ಲಿ ಕ್ಯಾಂಬಿಯಂ ಇಲ್ಲ. ಅದರ ಪರಿಣಾಮಗಳು ನಾವು ಸಾಮಾನ್ಯವಾಗಿ ಎಣಿಸುವುದಕ್ಕಿಂತ ದೂರ ಹೋಗುತ್ತವೆ. ಕ್ಯಾಂಬಿಯಂ ಇಲ್ಲದ ಕಾಂಡ ಮಾಯುವುದಿಲ್ಲ. ನಿಮ್ಮ ಅಜ್ಜ ಕಡಿದ ಕಚ್ಚು ಐವತ್ತು ವರ್ಷದ ನಂತರವೂ ಹಾಗೆಯೇ ಇದ್ದದ್ದು ಅದಕ್ಕೇ. ಕ್ಯಾಂಬಿಯಂ ಇಲ್ಲದ್ದರಿಂದ ತೆಂಗಿಗೆ ಕಸಿ ಕಟ್ಟಲಾಗುವುದಿಲ್ಲ, ಏಕೆಂದರೆ ಮಾವಿನ ಕಸಿಯಲ್ಲಿ ಬೆಸೆಯುವುದೇ ಎರಡು ಕಡ್ಡಿಗಳ ಕ್ಯಾಂಬಿಯಂ. ಹಾಗಾಗಿ ತಿಪಟೂರು ಟಾಲ್ ತಳಿಯನ್ನು ನಾವು ಬೀಜದ ಕಾಯಿಯಿಂದಲೇ ಬೆಳೆಸಿಕೊಂಡು ಬಂದಿದ್ದೇವೆ. ಹೊಸ ನಾಳಗಳನ್ನು ಕಟ್ಟಿಕೊಳ್ಳಲಾಗದ ಕಾರಣ, ಮಾವಿನ ಫ್ಲೋಯಂ ಕೆಲವೇ ಕಾಲ ದುಡಿದು ಉದುರುವಾಗ, ತೆಂಗಿನ ಬುಡದ ಫ್ಲೋಯಂ ಮರದ ಜೀವಮಾನವಿಡೀ, ಅರವತ್ತು ಎಂಬತ್ತು ವರ್ಷ, ಅದೇ ಕೋಶಗಳಿಂದ ದುಡಿಯುತ್ತದೆ. ಕೋಶಕೇಂದ್ರವೇ ಇಲ್ಲದ ಕೋಶವೊಂದು ಮನುಷ್ಯನ ಆಯುಷ್ಯದಷ್ಟು ಕಾಲ ಕೆಲಸ ಮಾಡುವುದು ನಾನು ಸಸ್ಯಶಾಸ್ತ್ರದಲ್ಲಿ ಓದಿದ ಅತ್ಯಂತ ಆಶ್ಚರ್ಯದ ಸಂಗತಿಗಳಲ್ಲಿ ಒಂದು. ತೆಂಗಿನ ಸಸಿ ಮೊದಲ ಕೆಲವು ವರ್ಷ ಎತ್ತರವಾಗದೆ, ಮಣ್ಣಿನ ಮಟ್ಟದಲ್ಲೇ ಬುಡವನ್ನು ಅಗಲ ಮಾಡಿಕೊಳ್ಳುತ್ತದೆ. ಬೇಕಾದಷ್ಟು ಅಗಲವಾದ ಮೇಲೆಯೇ ಕಾಂಡ ಮೇಲೇಳುತ್ತದೆ. ಒಮ್ಮೆ ಮೇಲೆದ್ದ ಕಾಂಡದ ದಪ್ಪ ಹೆಚ್ಚುಕಡಿಮೆ ಅಷ್ಟೇ. ನೀರಿಲ್ಲದೆ, ಗೊಬ್ಬರವಿಲ್ಲದೆ ಸೊರಗಿದ ವರ್ಷಗಳಲ್ಲಿ ಬೆಳೆದ ಭಾಗ ಕಿರಿದಾದರೆ, ಮುಂದೆ ಎಷ್ಟೇ ಆರೈಕೆ ಮಾಡಿದರೂ ಅದು ದಪ್ಪವಾಗುವುದಿಲ್ಲ, ಮೇಲಿನ ಹೊಸ ಭಾಗ ಮಾತ್ರ ತುಂಬಿಕೊಳ್ಳುತ್ತದೆ. ತಲೆಯೆತ್ತಿ ನೋಡಿದರೆ ತೆಂಗಿನ ಸೊಂಟ ಸಣ್ಣಗಾದ ಜಾಗ ಯಾವುದೋ ಬರಗಾಲದ ಗುರುತಾಗಿ ಉಳಿದಿರುತ್ತದೆ.

ಅಡಿಕೆಯದೂ ಇದೇ ಜಾತಿ, ಇದೇ ಕಷ್ಟ. ತೆಂಕಣ-ಪಡುವಣ ಬಿಸಿಲು ನೇರ ಬಿದ್ದು ಸುಟ್ಟ ಅಡಿಕೆ ಕಾಂಡ ಸೀಳು ಬಿಟ್ಟರೆ ಮತ್ತೆ ಕೂಡುವುದಿಲ್ಲ. ಮಲೆನಾಡಿನಲ್ಲಿ ಎಳೆಮರಗಳಿಗೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು ಅದಕ್ಕಾಗಿ.

ಹಾಗಾದರೆ ತೆಂಗು ಬೆಳೆಯುವುದೆಲ್ಲಿ? ಸುಳಿಯೊಳಗೆ ಮಾತ್ರ. ಮರ ಕಡಿದಾಗ ಎಲೆಬುಡಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದರೆ ಬೆಳ್ಳಗಿನ, ಸಿಹಿಯಾದ, ಗರಿಗರಿ ತಿರುಳು ಸಿಗುತ್ತದೆಯಲ್ಲ, ಅದರ ನಟ್ಟನಡುವೆ ಕಡಲೆಕಾಳಿಗಿಂತ ಚಿಕ್ಕದಾದ ಒಂದು ಗುಬುಟು ಇರುತ್ತದೆ. ಇಡೀ ಮರದ ಎತ್ತರಕ್ಕೆ, ಎಲ್ಲ ಎಲೆಗಳಿಗೆ, ಎಲ್ಲ ಹೊಂಬಾಳೆಗಳಿಗೆ ಅದೇ ತಾಯಿ. ಅಲ್ಲಿ ಮೊಳೆತ ಎಲೆ ಹೊರಗೆ ಕಾಣುವುದಕ್ಕೆ ಸುಮಾರು ಎರಡೂವರೆ ವರ್ಷ ಬೇಕು. ಮಾವಿನಲ್ಲಿ ಪ್ರತಿ ಎಲೆಯ ಕಂಕುಳಲ್ಲೂ ಕೊಂಬೆಯಾಗಬಲ್ಲ ಮೊಗ್ಗಿದೆ, ಹಳೆಯ ಕಾಂಡದ ತೊಗಟೆಯಡಿಯಲ್ಲೂ ಮಲಗಿರುವ ಮೊಗ್ಗುಗಳಿವೆ. ತಲೆ ಕಡಿದರೆ ಅವು ಏಳುತ್ತವೆ. ತೆಂಗಿನಲ್ಲಿ ಎಲೆಯ ಕಂಕುಳಿನ ಮೊಗ್ಗು ಹೊಂಬಾಳೆಯಾಗುವುದಕ್ಕೆ ಮೀಸಲು, ಅದು ಕೊಂಬೆಯಾಗುವುದು ತೀರ ಅಪರೂಪ. ಸುಳಿ ಸತ್ತರೆ ಅದರ ಜಾಗಕ್ಕೆ ಬರಲು ಯಾರೂ ಇಲ್ಲ. ಆಗಲೇ ಹೊರಬಂದ ಗರಿಗಳು ಕೆಲವು ತಿಂಗಳು ಹಸಿರಾಗಿದ್ದು ಒಂದೊಂದಾಗಿ ಜೋತುಬೀಳುತ್ತವೆ. ಹುಲ್ಲಿನ ಜಾತಿಯವು ಬೇರೆ ದಾರಿ ಹಿಡಿದಿವೆ: ಕಬ್ಬು, ಬಿದಿರು, ಗರಿಕೆಗಳು ಪ್ರತಿ ಗಿಣ್ಣಿನ ಬಳಿಯೂ ಬೆಳೆಯುವ ಅಂಗಾಂಶ ಇಟ್ಟುಕೊಂಡಿರುವುದರಿಂದ ದನ ಮೇದರೂ ಮತ್ತೆ ಏಳುತ್ತವೆ.

ನಿಮ್ಮ ತೆಂಗನ್ನು ಕೊಂದದ್ದು ಬಹುತೇಕ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ತರುವ ಸುಳಿ ಕೊಳೆ ರೋಗ. ಅಡಿಕೆಯ ಕೊಳೆರೋಗವನ್ನು ತರುವುದೂ ಅದರ ಬಳಗವೇ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅದನ್ನು ಅಧ್ಯಯನ ಮಾಡಿ ಬರೆದಾಗ ನಮ್ಮ ರೈತರ ಮಾತನ್ನೇ ಉಳಿಸಿಕೊಂಡದ್ದರಿಂದ ಕೊಳೆರೋಗ ಎಂಬ ಕನ್ನಡ ಪದ ಜಗತ್ತಿನ ಸಸ್ಯರೋಗಶಾಸ್ತ್ರದಲ್ಲಿ ಸೇರಿಹೋಗಿದೆ. ಸುಳಿಯ ಎಳೆಗರಿ ಬಣ್ಣಗೆಟ್ಟು, ಎಳೆದರೆ ಕೈಗೆ ಬಂದು, ಕೆಟ್ಟ ವಾಸನೆ ಹೊಡೆಯುವ ಹೊತ್ತಿಗೆ ಕೊಳೆತ ಇನ್ನೂ ಆ ಗುಬುಟನ್ನು ಮುಟ್ಟದಿದ್ದರೆ ಮರ ಉಳಿಯುತ್ತದೆ. ಕೊಳೆತ ಭಾಗವನ್ನು ಪೂರ್ತಿ ಕೆತ್ತಿ ತೆಗೆದು, ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಶೇಕಡಾ 10ರ ಬೋರ್ಡೊ ಮುಲಾಮು ಹಚ್ಚಿ, ಹೊಸ ಗರಿ ಬರುವ ತನಕ ಮಳೆನೀರು ಬೀಳದಂತೆ ಮುಚ್ಚಬೇಕು. ಸುತ್ತಲಿನ ಮರಗಳಿಗೆ ಮಳೆಗಾಲಕ್ಕೆ ಮುನ್ನವೇ ಶೇಕಡಾ 1ರ ಬೋರ್ಡೊ ದ್ರಾವಣವನ್ನು ಸುಳಿ ನೆನೆಯುವಂತೆ ಸಿಂಪಡಿಸಿ.

ಉಳಿದ ತೆಂಗುಗಳಿಗೆ ಇನ್ನು ಮೇಲೆ ಕಚ್ಚು ಹಾಕಬೇಡಿ. ಕಚ್ಚು ತಾನಾಗಿ ಮರವನ್ನು ಕೊಲ್ಲದಿದ್ದರೂ, ಕಾಂಡಕ್ಕೆ ಬಲ ಕೊಡುವ ಒತ್ತಾದ ಕೂರ್ಚಗಳಿರುವುದು ಹೊರಅಂಚಿನಲ್ಲೇ, ಅದನ್ನೇ ಅದು ಕಡಿಯುತ್ತದೆ. ಮಾಯದ ಆ ಗಾಯದಲ್ಲಿ ಕೆಂಪು ಮೂತಿ ಹುಳು ಮೊಟ್ಟೆಯಿಡುತ್ತದೆ. ಮಾವಿನ ತೊಗಟೆ ಇನ್ನೊಮ್ಮೆ ಹೀಗೆ ಸುತ್ತಲೂ ಹೋದರೆ, ಗಾಯ ಹೊಸದಾಗಿರುವಾಗಲೇ ಕಸಿ ಬಲ್ಲವರನ್ನು ಕರೆಸಿ ಸೇತುವೆ ಕಸಿ ಮಾಡಿಸಿ. ಅದೇ ಮರದ ಕಡ್ಡಿಗಳ ಒಂದು ತುದಿಯನ್ನು ಗಾಯದ ಕೆಳಗಿನ ತೊಗಟೆಯಡಿ, ಇನ್ನೊಂದನ್ನು ಮೇಲಿನ ತೊಗಟೆಯಡಿ ಸೇರಿಸಿ ಕಟ್ಟಿದರೆ, ಕ್ಯಾಂಬಿಯಂಗಳು ಬೆಸೆದು ಸಕ್ಕರೆಗೆ ಮತ್ತೆ ದಾರಿಯಾಗುತ್ತದೆ. ಸುತ್ತಲೂ ಪೂರ್ತಿ ಹೋಗದೆ ಒಂದು ಕಡೆ ಅಂಗೈ ಅಗಲದ ತೊಗಟೆ ಉಳಿದಿದ್ದರೆ, ಆ ಪಟ್ಟಿಯನ್ನು ಕಾಪಾಡುವುದೇ ಮೊದಲ ಕೆಲಸ.

ಸತ್ತ ತೆಂಗಿನ ಜಾಗಕ್ಕೆ ಸಸಿ ತರುವಾಗ ಒಂಬತ್ತರಿಂದ ಹನ್ನೆರಡು ತಿಂಗಳಿನ, ಕನಿಷ್ಠ ಆರು ಎಲೆಗಳ, ಕತ್ತಿನ ಸುತ್ತಳತೆ 10 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಸಸಿಯನ್ನು ಆರಿಸಿ. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆದು, ಸುಮಾರು ಅರ್ಧದಷ್ಟು ಮೇಲ್ಮಣ್ಣು, ಗೊಬ್ಬರ ತುಂಬಿ, ಅದರ ಮೇಲೆ ನೆಟ್ಟು, ಬುಡ ಅಗಲವಾಗುತ್ತಾ ಬಂದಂತೆ ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಮಣ್ಣು ತುಂಬಿಸುತ್ತಾ ಬನ್ನಿ. ಮೊದಲ ನಾಲ್ಕೈದು ವರ್ಷ ಅದಕ್ಕೆ ನೀರು, ಗೊಬ್ಬರ ತಪ್ಪಿಸಬೇಡಿ, ಕಾಂಡ ಕಾಣಿಸುವ ಮೊದಲೇ ಅದರ ದಪ್ಪ ತೀರ್ಮಾನವಾಗುವುದು ಆ ವರ್ಷಗಳಲ್ಲಿ.